ಬೋಗಿ ಎಂದರೆ ಡಬ್ಬಿಯೋ, ಅದರಡಿಯ ಗಾಲಿಗಳ ಕಟ್ಟೋ?

ಗೆಳೆಯರೇ,

ಪುಟ್ಟ ರೈಲುಗಳ ಮಾದರಿ ಕಟ್ಟುವ ಬಗ್ಗೆ ಹೊಸಬರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಹಳಿ ಹಾಸುವುದು, ಜಲ್ಲಿ ಹರಡುವುದು, ಗುಡ್ಡ ಎಬ್ಬಿಸುವುದು, ಗಾಡಿಗಳನ್ನು ಜೋಡಿಸಿ ಬಣ್ಣ ಹಚ್ಚುವುದು, ಎಲ್ಲವೂ ಅದರಲ್ಲಿ ಬರಬೇಕು. ಅರ್ಧ ಮುಗಿದಿದೆ. ಈಗ ಒಂದು ಪದದ ಹತ್ತಿರ ಬಂದು ನಿಂತಿದ್ದೇನೆ. ಆ ಪದ ‘ಬೋಗಿ’.

ಬೋಗಿ ಎಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಜನ ಕೂರುವ ಡಬ್ಬಿ. ‘ನಮ್ಮ ಬೋಗಿ ಎಲ್ಲಿ ನಿಲ್ಲುತ್ತೆ?’, ‘ಕೊನೇ ಬೋಗಿ ಖಾಲಿ ಇದೆ, ಬಾ’ ಅಂತೀವಿ. ಯಾರಿಗೂ ಗೊಂದಲ ಇಲ್ಲ. ಹಿಂದಿ, ತಮಿಳು ಆಡುವವರೂ ಹೀಗೇ ಬಳಸುತ್ತಾರೆ. ಆದರೆ ರೈಲಿನ ಎಂಜಿನಿಯರುಗಳಿಗೆ, ಮಾದರಿ ಕಟ್ಟುವವರಿಗೆ ಬೋಗಿ ಬೇರೆಯದೇ ವಸ್ತು. ಡಬ್ಬಿಯ ಅಡಿಯಲ್ಲಿ, ತುದಿಗೊಂದರಂತೆ ಇರುವ ಗಾಲಿಗಳ ಚೌಕಟ್ಟು ಅದು. ಸಾಮಾನ್ಯವಾಗಿ ಎರಡು ಅಚ್ಚು, ನಾಲ್ಕು ಗಾಲಿ, ನಡುವೆ ಒಂದು ಕೀಲು. ತಿರುವು ಬಂದಾಗ ಡಬ್ಬಿ ಬಾಗುವುದಿಲ್ಲ. ಕೆಳಗಿನ ಈ ಚೌಕಟ್ಟು ಕೀಲಿನ ಮೇಲೆ ಹೊರಳಿ ಹಳಿಯ ಬಾಗನ್ನು ಹಿಡಿಯುತ್ತದೆ. ಉದ್ದದ ಡಬ್ಬಿ ತಿರುವು ದಾಟುವುದು ಇದರಿಂದಲೇ.

ಇದರಿಂದ ಏನು ತೊಂದರೆ ಅಂತ ಕೇಳಬಹುದು. ಆದದ್ದನ್ನೇ ಹೇಳುತ್ತೇನೆ. ನನ್ನ ಅಕ್ಕನ ಮಗ ಹೋದ ತಿಂಗಳು ಮೊದಲ ಸಲ ಹಳಿ ಹಾಸಿ ರೈಲು ಓಡಿಸಿದ. ಒಂದು ಡಬ್ಬಿ ಮಾತ್ರ ತಿರುವಿಗೆ ಬಂದಾಗಲೆಲ್ಲ ಹಳಿ ತಪ್ಪುತ್ತಿತ್ತು. ಫೋನ್ ಮಾಡಿದ. ನನಗೆ ಕಾರಣ ಗೊತ್ತಾಯಿತು. ನಡುಗೀಲಿನ ಸ್ಕ್ರೂ ಬಿಗಿಯಾಗಿರಬೇಕು. ಚೌಕಟ್ಟು ಹೊರಳದಿದ್ದರೆ ಗಾಲಿಯ ಒಳಬದಿಯ ಅಂಚು ಹಳಿಯ ಮೇಲೆ ಹತ್ತಿಬಿಡುತ್ತದೆ. ‘ಬೋಗಿಯ ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡು’ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, ‘ಮಾಮ, ಬೋಗಿ ಬಿಚ್ಚಿದೆ, ಒಳಗೆ ಸ್ಕ್ರೂನೇ ಇಲ್ಲ’ ಎಂದ. ಅವನು ಡಬ್ಬಿಯ ಚಾವಣಿ ಎಬ್ಬಿಸಿದ್ದ. ಕಿಟಕಿಯ ಸಾಲಿನ ಒಳಗೆ ಚಾವಣಿಯನ್ನು ಹಿಡಿದಿಡುವ ಸಣ್ಣ ಕೊಕ್ಕೆಗಳಿರುತ್ತವೆ, ಉಗುರಿನ ತುದಿಯಷ್ಟು. ಅದರಲ್ಲಿ ಎರಡು ಮುರಿದಿದ್ದವು.

ಅವನದೇನೂ ತಪ್ಪಿಲ್ಲ. ಅವನು ಕನ್ನಡವನ್ನು ಸರಿಯಾಗಿಯೇ ಕೇಳಿಸಿಕೊಂಡ. ನಾನು ಹೇಳಿದ ಪದವೇ ಅವನನ್ನು ಬೇರೆ ಕಡೆ ಕಳಿಸಿತು. ಅವತ್ತಿನಿಂದ ಕೈಪಿಡಿಯಲ್ಲಿ ಈ ಪದ ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದು ಬಿಟ್ಟಿದ್ದೇನೆ.

ಎರಡು ಅರ್ಥ ಹೇಗೆ ಬಂತು? ಇಂಗ್ಲೆಂಡಿನ ಉತ್ತರದ ಆಡುಮಾತಿನಲ್ಲಿ ಬೋಗಿ ಎಂದರೆ ತಗ್ಗಾದ, ಗಟ್ಟಿಯಾದ, ಸಣ್ಣ ಗಾಲಿಯ ಗಾಡಿ. ಅಲ್ಲಿಂದ ಅದು ರೈಲಿನ ಗಾಲಿಚೌಕಟ್ಟಿಗೆ ಬಂತು. ರೈಲಿನ ಮೊದಲ ಕಾಲದ ಡಬ್ಬಿಗಳು ಗಿಡ್ಡವಾಗಿದ್ದವು. ಅಚ್ಚುಗಳನ್ನು ಡಬ್ಬಿಯ ಅಡಿಗೇ ನೇರವಾಗಿ ಕೂರಿಸುತ್ತಿದ್ದರು. ಉದ್ದದ ಡಬ್ಬಿಗಳು ಬಂದಾಗ, ಹಳೆಯವಕ್ಕೂ ಹೊಸವಕ್ಕೂ ಗುರುತು ಬೇಕಲ್ಲ, ಅವನ್ನು ‘ಬೋಗಿ ಕ್ಯಾರೇಜ್’ ಎಂದರು. ನಮ್ಮ ಬಾಯಲ್ಲಿ ಎರಡನೇ ಪದ ಉದುರಿ ಮೊದಲನೆಯದು ಉಳಿಯಿತು ಎಂದು ನನಗೆ ತೋರುತ್ತದೆ. ‘ಮೊಬೈಲ್ ಫೋನ್’ ಹೋಗಿ ಬರೀ ‘ಮೊಬೈಲ್’ ಉಳಿದ ಹಾಗೆ. ಭಾಷೆ ಇದನ್ನು ದಿನಾ ಮಾಡುತ್ತದೆ. ಹಾಗಾಗಿ ‘ಬೋಗಿ ಎಂದರೆ ಡಬ್ಬಿ ಅಲ್ಲ, ನೀವು ತಪ್ಪು ಹೇಳುತ್ತಿದ್ದೀರಿ’ ಎಂದು ಓದುಗರನ್ನು ತಿದ್ದಲು ನನಗೆ ಮನಸ್ಸಿಲ್ಲ. ಕನ್ನಡದಲ್ಲಿ ಬೋಗಿ ಎಂದರೆ ಡಬ್ಬಿಯೇ. ಅಷ್ಟು ಜನ ಅಷ್ಟು ಕಾಲದಿಂದ ಆಡಿದ ಮಾತು ಅದು.

ಒಂದು ಪದಕ್ಕೆ ಎರಡು ಅರ್ಥ ಇದ್ದರೆ ತೊಂದರೆ ಏನು, ಸಂದರ್ಭ ನೋಡಿ ಗೊತ್ತಾಗುತ್ತದಲ್ವಾ ಎಂದು ನಾನೂ ಮೊದಲು ಅಂದುಕೊಂಡೆ. ‘ಅಚ್ಚು’ ಪದವನ್ನೇ ನೋಡಿ. ಗಾಲಿ ಸುತ್ತುವುದು ಅಚ್ಚಿನ ಮೇಲೆ. ಗುಡ್ಡಕ್ಕೆ ಬೇಕಾದ ಬಂಡೆಗಳನ್ನು ಪ್ಲಾಸ್ಟರ್ ಎರೆದು ತೆಗೆಯುವುದೂ ಅಚ್ಚಿನಲ್ಲಿ. ನನ್ನ ಕೈಪಿಡಿಯಲ್ಲಿ ಎರಡೂ ಬರುತ್ತವೆ. ಆದರೂ ಯಾರಿಗೂ ಗೊಂದಲವಾಗಿಲ್ಲ. ಏಕೆಂದರೆ ಒಂದು ಗಾಡಿಯ ಅಡಿಯಲ್ಲಿದೆ, ಇನ್ನೊಂದು ಪ್ಲಾಸ್ಟರ್ ಬಟ್ಟಲಿನ ಪಕ್ಕದಲ್ಲಿದೆ. ಎರಡೂ ಒಂದೇ ವಾಕ್ಯದಲ್ಲಿ ಎದುರಾಗುವುದಿಲ್ಲ. ಬೋಗಿಯ ಕತೆ ಹಾಗಲ್ಲ. ಒಂದು ಅರ್ಥ ಇನ್ನೊಂದರ ಹೊಟ್ಟೆಯ ಕೆಳಗೇ ಇದೆ. ‘ಬೋಗಿ ಬಿಚ್ಚಿ’, ‘ಬೋಗಿಗೆ ಬಣ್ಣ ಹಚ್ಚಿ’, ‘ಬೋಗಿ ತೂಗುತ್ತಿದೆಯಾ ನೋಡಿ’, ಎಲ್ಲ ವಾಕ್ಯವೂ ಎರಡಕ್ಕೂ ಒಪ್ಪುತ್ತದೆ. ಸಂದರ್ಭ ಇಲ್ಲಿ ಕೈ ಹಿಡಿಯುವುದಿಲ್ಲ. ಅದಕ್ಕೇ ಚೌಕಟ್ಟಿಗೆ ಬೇರೆ ಪದ ಬೇಕೇ ಬೇಕು ಎಂಬ ತೀರ್ಮಾನಕ್ಕೆ ಬಂದೆ.

ಯಾವ ಪದ? ರೈಲ್ವೆಯಲ್ಲಿ ಡಬ್ಬಿಗಳ ಕೆಲಸ ಮಾಡುವವರು ಇದನ್ನು ‘ಟ್ರಾಲಿ’ ಎನ್ನುವುದುಂಟು. ಕೆಲಸದವರ ಬಾಯಿಂದ ಬಂದ ಪದ ಎಂಬುದೇ ಅದಕ್ಕೆ ದೊಡ್ಡ ಬಲ. ಆದರೆ ಹಳಿ ಪರೀಕ್ಷೆಗೆ ಹೋಗುವವರು ತಳ್ಳಿಸಿಕೊಂಡು ಹೋಗುವ ಗಾಡಿಯೂ ಟ್ರಾಲಿ. ಅದರ ಪುಟ್ಟ ಮಾದರಿಯನ್ನೂ ನಾವು ಮಾಡಿ ಅದೇ ಹಳಿಯ ಮೇಲೆ ನಿಲ್ಲಿಸುತ್ತೇವೆ. ಮತ್ತೆ ಅದೇ ಪಾಡು. ಅಮೆರಿಕದವರು ‘ಟ್ರಕ್’ ಎನ್ನುತ್ತಾರೆ. ನಮಗೆ ಅದು ಲಾರಿ. ‘ಚಕ್ರಪೀಠ’ ಎಂದು ಗೆಳೆಯರೊಬ್ಬರು ಸೂಚಿಸಿದರು. ಅರ್ಥ ಸರಿಯಾಗಿದೆ, ಆದರೆ ನಾಲ್ಕು ಗಾಲಿಯ ಮೇಲೆ ಎಣ್ಣೆ ಮೆತ್ತಿಕೊಂಡು ಓಡುವ ವಸ್ತುವಿಗೆ ಅದು ತುಂಬ ಭಾರದ ಮಾತು. ಹದಿನಾಲ್ಕರ ಹುಡುಗನೊಬ್ಬ ಸ್ಕ್ರೂ ತಿರುಗಿಸುತ್ತಾ ‘ಚಕ್ರಪೀಠ’ ಎನ್ನುವುದನ್ನು ನನಗೆ ಊಹಿಸಲು ಆಗಲಿಲ್ಲ.

ನನಗೆ ಹಿಡಿಸಿದ್ದು ‘ಗಾಲಿಮಣೆ’. ಮಣೆ ಎಂದರೆ ತಗ್ಗಾದದ್ದು, ಚಪ್ಪಟೆಯಾದದ್ದು, ಮೇಲೆ ಇನ್ನೊಂದನ್ನು ಹೊರುವಂಥದ್ದು. ಈಳಿಗೆಮಣೆ, ತುರಿಯುವ ಮಣೆ, ಚನ್ನೆಮಣೆ, ಹೀಗೆ ಕೆಲಸಕ್ಕೆ ತಕ್ಕಂತೆ ಮುಂದೆ ಒಂದು ಪದ ಸೇರಿಸಿಕೊಳ್ಳುವುದು ಅದಕ್ಕೆ ಅಭ್ಯಾಸವಾಗಿದೆ. ಡಬ್ಬಿ ನಿಜವಾಗಿಯೂ ಎರಡು ಮಣೆಗಳ ಮೇಲೆ ಕೂತಿರುತ್ತದೆ. ಡಬ್ಬಿಯನ್ನು ತಲೆಕೆಳಗು ಮಾಡಿ ಅಂಗೈ ಮೇಲೆ ಇಟ್ಟುಕೊಂಡು ನೋಡಿದರೆ ಈ ಹೆಸರು ತಾನಾಗೇ ಬಾಯಿಗೆ ಬರುತ್ತದೆ.

ಹೊಸ ಪದವನ್ನು ಕೆಲಸಕ್ಕೆ ಹಚ್ಚಿ ನೋಡಬೇಕಲ್ಲ. ಕೈಪಿಡಿಯ ಕಷ್ಟದ ಜಾಗವೊಂದನ್ನೇ ತೆಗೆದುಕೊಂಡು ಬರೆದೆ:

‘ಡಬ್ಬಿಯನ್ನು ಮಗುಚಿ ಹಾಕಿ. ಒಂದು ಗಾಲಿಮಣೆಯ ಸ್ಕ್ರೂವನ್ನು ಪೂರ್ತಿ ಬಿಗಿಮಾಡಿ, ಆಮೇಲೆ ಕಾಲು ಸುತ್ತು ಸಡಿಲಿಸಿ. ಅದು ಎಡಕ್ಕೂ ಬಲಕ್ಕೂ ಹೊರಳಬೇಕು, ಆದರೆ ಪಕ್ಕಕ್ಕೆ ವಾಲಬಾರದು. ಇನ್ನೊಂದು ಗಾಲಿಮಣೆಯನ್ನು ಇನ್ನೂ ಸ್ವಲ್ಪ ಸಡಿಲ ಬಿಡಿ. ಅದು ಹೊರಳಲೂ ಬೇಕು, ವಾಲಲೂ ಬೇಕು. ಎರಡೂ ಬಿಗಿಯಾದರೆ ಏರುಪೇರಿನ ಹಳಿಯಲ್ಲಿ ಒಂದು ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ. ಎರಡೂ ಸಡಿಲವಾದರೆ ಡಬ್ಬಿ ತೂರಾಡುತ್ತದೆ. ಒಂದು ಬಿಗಿ, ಒಂದು ಸಡಿಲ ಇದ್ದಾಗ ಡಬ್ಬಿ ಮುಕ್ಕಾಲಿಯ ಹಾಗೆ ಕೂರುತ್ತದೆ. ಮುಕ್ಕಾಲಿ ಎಂಥ ನೆಲದಲ್ಲೂ ಕುಂಟುವುದಿಲ್ಲ.’

ಇದನ್ನು ಅಕ್ಕನ ಮಗನಿಗೆ ಕಳಿಸಿದೆ. ಗಾಲಿಮಣೆ ಎಂದರೇನು ಎಂದು ಅವನು ಕೇಳಲೇ ಇಲ್ಲ. ಸುಮ್ನೆ ಮಾಡಿದ. ಆ ಡಬ್ಬಿ ಈಗ ತಿರುವು ದಾಟುತ್ತಿದೆ. ನನಗೆ ಇದು ತುಂಬ ಸಮಾಧಾನ ಕೊಟ್ಟಿತು.

ಇದರ ಜೊತೆಗೆ ಇನ್ನೊಂದೆರಡು ಪದ. ‘ಸ್ಕೇಲ್’ (ಮಾದರಿ ಅಸಲಿಗಿಂತ ಎಷ್ಟು ಪಾಲು ಚಿಕ್ಕದು ಎಂಬುದು) ಮತ್ತು ‘ಗೇಜ್’ (ಎರಡು ಹಳಿಗಳ ನಡುವಿನ ಅಂತರ) ಬೇರೆ ಬೇರೆ. ಪುಟ್ಟ ರೈಲುಗಳಲ್ಲಿ ಎಚ್‌ಒ, ಒಒ ಎಂಬ ಎರಡು ಗಾತ್ರಗಳಿವೆ. ಎಚ್‌ಒ ಮಾದರಿ ಅಸಲಿನ 87ನೇ ಒಂದು ಪಾಲು. ಒಒ ಮಾದರಿ ಸುಮಾರು 76ನೇ ಒಂದು ಪಾಲು. ಆದರೆ ಎರಡೂ ಓಡುವುದು 16.5 ಮಿಲಿಮೀಟರ್ ಹಳಿಯ ಮೇಲೇ. ಗೇಜ್ ಒಂದೇ, ಸ್ಕೇಲ್ ಬೇರೆ. ಎರಡಕ್ಕೂ ‘ಅಳತೆ’ ಎಂದು ಬರೆದರೆ ಈ ವಾಕ್ಯವನ್ನೇ ಬರೆಯಲು ಆಗುವುದಿಲ್ಲ. ಗೇಜ್ ಅನ್ನು ಹಾಗೇ ಬಿಟ್ಟಿದ್ದೇನೆ, ಬ್ರಾಡ್‌ಗೇಜ್, ಮೀಟರ್‌ಗೇಜ್ ಎಂದು ಎಲ್ಲರಿಗೂ ಗೊತ್ತು. ಸ್ಕೇಲ್ ಎಂದರೆ ಶಾಲೆಯ ಗೆರೆ ಎಳೆಯುವ ಪಟ್ಟಿ ನೆನಪಾಗುತ್ತದೆ, ಅದಕ್ಕೆ ನಕ್ಷೆಯವರ ‘ಪ್ರಮಾಣ’ ತೆಗೆದುಕೊಂಡೆ. ಎಚ್‌ಒ ಪ್ರಮಾಣದಲ್ಲಿ 20 ಮೀಟರ್ ಉದ್ದದ ಡಬ್ಬಿ 23 ಸೆಂಟಿಮೀಟರ್ ಆಗುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಗೇಣು. ಇದನ್ನು ಕಂಡುಕೊಂಡ ದಿನ ಎಷ್ಟು ಖುಷಿಯಾಯಿತು! ಅಂಗೈ ಹರಡಿ ಡಬ್ಬಿಯ ಮೇಲಿಟ್ಟರೆ ಆಯಿತು, ಹೊಸಬರಿಗೆ ಬೇರೆ ವಿವರಣೆ ಬೇಡ.

ಹಳಿ, ಗುಡ್ಡ, ಮನೆ ಎಲ್ಲ ಸೇರಿದ ಇಡೀ ಮಾದರಿಗೆ ಇಂಗ್ಲಿಷಿನಲ್ಲಿ ಹೇಳುವ ‘ಲೇಔಟ್’ ಪದವನ್ನು ಕೈಬಿಟ್ಟಿದ್ದೇನೆ. ಅದು ಕನ್ನಡದಲ್ಲಿ ಮನೆ ನಿವೇಶನಗಳ ಬಡಾವಣೆಯಾಗಿ ಹೋಗಿದೆ. ಹಳಿ ಹಾಸುತ್ತೇವಲ್ಲ, ಅದಕ್ಕೇ ‘ಹಳಿಹಾಸು’ ಎಂದು ಬರೆಯುತ್ತಿದ್ದೇನೆ. ಗುಡ್ಡ, ಮನೆ, ಮರ ಎಲ್ಲ ಅದರ ಮೇಲೇ ಬರುವುದರಿಂದ ಒಪ್ಪುತ್ತದೆ. ಡಬ್ಬಿಗಳನ್ನು ಸೇರಿಸುವುದಕ್ಕೆ ‘ಕೊಂಡಿ’, ಹಳಿ ಎರಡಾಗುವ ಜಾಗಕ್ಕೆ ‘ಕವಲು’. ಇವುಗಳಲ್ಲಿ ಚರ್ಚೆ ಮಾಡುವಂಥದ್ದು ಏನೂ ಇಲ್ಲ.

ಆದರೆ ಇನ್ನೊಂದು ಕಡೆ ನಿಜವಾಗಿಯೂ ನಿಮ್ಮ ನೆರವು ಬೇಕು. ಹೊಸ ಡಬ್ಬಿ ಪೆಟ್ಟಿಗೆಯಿಂದ ಬಂದಾಗ ಮಿರಮಿರ ಮಿಂಚುತ್ತದೆ, ಆಟಿಕೆಯ ಹಾಗೆ. ಅದನ್ನು ಬಿಸಿಲು, ಮಳೆ, ಹೊಗೆ ಕಂಡ ಗಾಡಿಯ ಹಾಗೆ ಮಾಡುವುದು ಈ ಕೆಲಸದ ದೊಡ್ಡ ಸೊಗಸು. ಕಪ್ಪು ಕಂದು ಬೆರೆಸಿ ನೀರಿನಷ್ಟು ತೆಳುವಾದ ಬಣ್ಣವನ್ನು ಡಬ್ಬಿಯ ಮೇಲೆ ಹರಿಸುತ್ತೇವೆ. ಅದು ಹಲಗೆಗಳ ಸಂದಿಗೆ, ಬಾಗಿಲಿನ ಮೂಲೆಗೆ ತಾನೇ ಇಳಿದು ಕೂರುತ್ತದೆ. ಮೇಲಿನ ಬಣ್ಣವನ್ನು ಒರೆಸುವಾಗ ಮೇಲಿನಿಂದ ಕೆಳಕ್ಕೆ ಮಾತ್ರ ಒರೆಸಬೇಕು, ಮಳೆನೀರು ಇಳಿಯುವ ದಾರಿ ಅದೇ. ಗಾಲಿಮಣೆಗೆ ಬ್ರೇಕಿನ ಧೂಳಿನ ತುಕ್ಕುಗಂದು. ಆಮೇಲೆ ಕುಂಚದ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಒಣ ಕುಂಚವನ್ನು ಉಬ್ಬಿದ ಅಂಚುಗಳಿಗೆ ಸವರಿದರೆ ಒಂದೊಂದು ಮೊಳೆಯ ತಲೆಯೂ ಎದ್ದು ಕಾಣುತ್ತದೆ.

ಈ ಇಡೀ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ವೆದರಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ಏನನ್ನಬೇಕು? ‘ಹಳತು ಮಾಡುವುದು’ ಸಾಲದು. ಹಳತಾದರೂ ಒಳಗಿಟ್ಟ ವಸ್ತು ಹೀಗಾಗುವುದಿಲ್ಲ. ‘ತುಕ್ಕು ಹಿಡಿಸುವುದು’ ಕೆಲಸದ ಒಂದು ಭಾಗ ಮಾತ್ರ. ‘ಕಿಲುಬು’ ತಾಮ್ರ ಹಿತ್ತಾಳೆಯದು. ನನ್ನ ಮನಸ್ಸು ‘ಮಾಸು’ ಪದದ ಕಡೆಗಿದೆ. ಮಾಸಿದ ಬಟ್ಟೆ, ಮಾಸಲು ಬಣ್ಣ ಎನ್ನುವಾಗ ಬಿಸಿಲು, ಕೊಳೆ, ಬಳಕೆ, ಕಾಲ ಎಲ್ಲವೂ ಆ ಒಂದು ಪದದಲ್ಲಿ ಸೇರಿರುತ್ತವೆ. ತೊಡಕು ಏನೆಂದರೆ, ಮಾಸುವುದು ತಾನಾಗಿ ಆಗುವ ಕೆಲಸ. ನಾವು ಬೇಕೆಂದೇ ಮಾಡುವುದಕ್ಕೆ ‘ಮಾಸಿಸು’ ಎನ್ನಬಹುದಾ? ಓಡು–ಓಡಿಸು, ಒಣಗು–ಒಣಗಿಸು ಇರುವಾಗ ವ್ಯಾಕರಣ ಒಪ್ಪುತ್ತದೆ, ಕಿವಿ ಮಾತ್ರ ಇನ್ನೂ ಅನುಮಾನಿಸುತ್ತಿದೆ. ‘ಡಬ್ಬಿಯನ್ನು ಮಾಸಿಸುವ ಮೊದಲು ಗಾಲಿಗಳನ್ನು ತೆಗೆದಿಡಿ’ ಎಂಬ ವಾಕ್ಯವನ್ನು ನೀವೂ ಒಮ್ಮೆ ಗಟ್ಟಿಯಾಗಿ ಓದಿ ನೋಡಿ, ಹೇಗೆ ಕೇಳಿಸುತ್ತದೆ ಹೇಳಿ.

ಗಾಲಿಮಣೆಯ ಬಗ್ಗೆಯೂ ಅಷ್ಟೇ. ನಿಮ್ಮಲ್ಲಿ ಗಾಡಿ, ಬಂಡಿ, ತೇರಿನ ಕೆಲಸ ಬಲ್ಲವರು, ರೈಲ್ವೆಯಲ್ಲಿ ಡಬ್ಬಿಗಳ ರಿಪೇರಿ ಮಾಡಿದವರು ಇದ್ದರೆ ಒಂದು ಮಾತು ತಿಳಿಸಿ. ಗಾಲಿಗಳನ್ನು ಹಿಡಿದು, ಮೇಲಿನ ಭಾರ ಹೊತ್ತು, ಕೀಲಿನ ಮೇಲೆ ಹೊರಳುವ ಆ ಚೌಕಟ್ಟಿಗೆ ಕೈಯಲ್ಲಿ ಸ್ಪಾನರ್ ಹಿಡಿದಾಗ ನೀವು ಏನೆಂದು ಕರೆಯುತ್ತಿದ್ದಿರಿ? ಬಳಕೆಯಲ್ಲಿರುವ ಒಂದು ಪದ ಸಿಕ್ಕರೆ ನನ್ನ ಗಾಲಿಮಣೆಯನ್ನು ಈಗಲೇ ಅಳಿಸಿ ಅದನ್ನೇ ಬರೆಯುತ್ತೇನೆ. ಪೆನ್ಸಿಲ್ ಗೆರೆಗಳು ಇನ್ನೂ ಹಾಗೇ ಇವೆ.