ಮಳೆಗಾಲದಲ್ಲಿ ಒಣಗದ ಲಂಗೋಟಿ, ಕೂಸಿನ ತೊಡೆ ಸಂದಿ ಕೆಂಪು

ಕುಮಟಾ_ಅಮ್ಮ:
ಕೂಸಿಗೆ ಏಳು ತಿಂಗಳು. ಮಳೆ ಹಿಡಿದ ಮೇಲೆ ತೊಡೆ ಸಂದಿ, ಕುಂಡೆ ಎಲ್ಲ ಕೆಂಪಾಗಿದೆ. ಹಗಲು ಹಳೇ ಪಂಚೆ ಹರಿದು ಮಾಡಿದ ಲಂಗೋಟಿ, ರಾತ್ರಿ ಅಂಗಡಿ ಡೈಪರ್. ಜಗಲಿಯಲ್ಲಿ ಹಗ್ಗ ಕಟ್ಟಿ ಹಾಕಿದ ಬಟ್ಟೆ ಎರಡು ದಿನವಾದ್ರೂ ತಣ್ಣಗೇ ಇರ್ತದೆ, ಮೇಲಿಂದ ಮುಗ್ಗಲು ವಾಸನೆ. ಬಚ್ಚಲ ಒಲೆ ಮೇಲೆ ಹರವು ಅಂತಾರೆ ಅತ್ತೆ, ಹೊಗೆ ಬಟ್ಟೆ ಕೂಸಿಗೆ ಬೇಡ ಅಂತಾರೆ ಯಜಮಾನ್ರು. ಇದೇ ಹೊತ್ತಿಗೆ ರಾಗಿ ಮಣ್ಣಿ (ಗಂಜಿಯಂಥ ಮೇಲೂಟ) ಕೂಡ ಶುರು ಮಾಡಿದ್ದೇವೆ, ಈಗ ದಿನಕ್ಕೆ ಮೂರ್ನಾಲ್ಕು ಸಲ ಕಕ್ಕ ಮಾಡ್ತದೆ. ಮೆಡಿಕಲ್ ಶಾಪಿನಲ್ಲಿ ಒಂದು ಟ್ಯೂಬ್ ಕೊಟ್ಟಿದ್ದಾರೆ. ಮೇಲೆ ಬೀಟಾಮೆಥಾಸೋನ್, ನಿಯೋಮೈಸಿನ್, ಕ್ಲೋಟ್ರಿಮಜೋಲ್ ಅಂತ ಬರೆದಿದೆ. ಹಚ್ಚಬಹುದಾ?

ನರ್ಸಕ್ಕ_ಕಾರವಾರ:
ಟ್ಯೂಬ್ ಹಚ್ಚಬೇಡಿ. ಬೀಟಾಮೆಥಾಸೋನ್ ಜೋರಿನ ಸ್ಟೀರಾಯ್ಡ್. ಕೂಸಿನ ಚರ್ಮ ಮೊದಲೇ ತೆಳು, ಮೇಲೆ ಡೈಪರ್ ಮುಚ್ಚಿದರೆ ಮುಲಾಮು ಇನ್ನೂ ಹೆಚ್ಚು ಒಳಗೆ ಇಳಿಯುತ್ತದೆ. ಎರಡು ದಿನ ಕೆಂಪು ಇಳಿದ ಹಾಗೆ ಕಾಣುತ್ತದೆ, ಬಿಟ್ಟ ಕೂಡಲೇ ಮರಳಿ ಬರುತ್ತದೆ. ಹಚ್ಚುತ್ತಲೇ ಹೋದರೆ ಚರ್ಮ ಮತ್ತೂ ತೆಳುವಾಗುತ್ತದೆ. ಚೀಟಿ ಇಲ್ಲದೆ ಇಂಥ ಮೂರು ಮದ್ದಿನ ಮಿಶ್ರಣವನ್ನು ಕೂಸಿಗೆ ಕೊಡುವುದೇ ತಪ್ಪು.

ಮೊದಲು ಕೆಂಪು ಎಲ್ಲಿದೆ ಅಂತ ಬೆಳಕಿನಲ್ಲಿ ನೋಡಿ. ಕುಂಡೆಯ ಉಬ್ಬು, ತೊಡೆಯ ಒಳಮೈ, ಅಂದರೆ ಬಟ್ಟೆ ತಾಗುವ ಕಡೆ ಕೆಂಪಾಗಿ, ಮಡಿಕೆಯ ಒಳಗೆ ಚೆನ್ನಾಗಿದ್ದರೆ ಅದು ಉಚ್ಚೆ–ಕಕ್ಕದ ಉರಿ. ಮಡಿಕೆಯ ಒಳಗೇ ಕಡುಕೆಂಪು, ಅಂಚು ಎದ್ದು ಕಾಣುತ್ತದೆ, ಅಂಚಿನ ಆಚೆ ಸಾಸಿವೆಯಷ್ಟು ಬಿಡಿ ಬಿಡಿ ಗುಳ್ಳೆ ಅಂದರೆ ಅದು ಫಂಗಸ್, ಕ್ಯಾಂಡಿಡಾ. ಎರಡಕ್ಕೂ ಮದ್ದು ಬೇರೆ.

ಉರಿ ಯಾಕೆ ಆಗುತ್ತದೆ ಅಂದರೆ, ಒದ್ದೆ ಚರ್ಮ ಮೆತ್ತಗಾಗಿ ಬಟ್ಟೆ ತಿಕ್ಕಿದಲ್ಲಿ ಸವೆಯುತ್ತದೆ. ಉಚ್ಚೆಯಿಂದ ಅಮೋನಿಯ ಆಗಿ ಚರ್ಮದ ಆಮ್ಲತೆ ಕಡಿಮೆಯಾಗುತ್ತದೆ. ಆಗ ಕಕ್ಕದಲ್ಲಿರುವ ಕಿಣ್ವಗಳು ಚುರುಕಾಗಿ ಚರ್ಮವನ್ನೇ ತಿನ್ನಲು ಶುರು ಮಾಡುತ್ತವೆ. ಮೇಲೂಟ ಶುರುವಾದಾಗ ಕಕ್ಕದ ಗುಣವೂ ಬದಲಾಗುತ್ತದೆ, ಸಲವೂ ಹೆಚ್ಚುತ್ತದೆ. ನಿಮ್ಮಲ್ಲಿ ಮಳೆ ಮತ್ತು ಮಣ್ಣಿ ಒಟ್ಟಿಗೇ ಬಂದಿವೆ, ಅಷ್ಟೇ.

ಉರಿ ಮಾತ್ರ ಇದ್ದರೆ ಹೀಗೆ ಮಾಡಿ. ಕಕ್ಕ ಮಾಡಿದ ಕೂಡಲೇ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಸೋಪು ಬೇಡ, ಘಮಘಮ ವೈಪ್ಸ್ ಬೇಡವೇ ಬೇಡ. ಮೆತ್ತಗಿನ ಬಟ್ಟೆಯಿಂದ ಒತ್ತಿ ಒರೆಸಿ, ತಿಕ್ಕಬೇಡಿ. ಹತ್ತು–ಹದಿನೈದು ನಿಮಿಷ ಏನೂ ಕಟ್ಟದೆ ಬಿಡಿ, ದಿನಕ್ಕೆ ಮೂರ್ನಾಲ್ಕು ಬಾರಿ. ಕೆಳಗೆ ರಬ್ಬರ್ ಶೀಟ್, ಅದರ ಮೇಲೆ ಹಳೇ ಬಟ್ಟೆ ಹಾಸಿದರೆ ಆಯಿತು. ಆಮೇಲೆ ಜಿಂಕ್ ಆಕ್ಸೈಡ್ ಕ್ರೀಮು. ಕೆಳಗಿನ ಚರ್ಮ ಕಾಣದಷ್ಟು ದಪ್ಪ ಹಚ್ಚಬೇಕು. ತೆಳ್ಳಗೆ ಸವರಿದರೆ ಹಚ್ಚದ ಹಾಗೇ. ಮುಂದಿನ ಸಲ ಮೇಲಿನ ಕೊಳೆ ಮಾತ್ರ ತೆಗೆದು, ಉಳಿದ ಕ್ರೀಮಿನ ಮೇಲೇ ಮತ್ತೆ ಹಚ್ಚಿ. ಪೂರ್ತಿ ಕೆರೆದು ತೆಗೆಯಲು ಹೋದರೆ ಚರ್ಮವೂ ಜೊತೆಗೆ ಬರುತ್ತದೆ.

ರಾತ್ರಿ ಡೈಪರ್ ಅಡ್ಡಿಲ್ಲ. ಅರೆ ಒಣಗಿದ ಲಂಗೋಟಿಗಿಂತ ಅದೇ ಮೇಲು. ಆದರೆ ತುಂಬುವ ತನಕ ಕಾಯಬೇಡಿ, ಮೂರ್ನಾಲ್ಕು ಗಂಟೆಗೊಮ್ಮೆ ಬದಲಿಸಿ. ಸೊಂಟದ ಹತ್ತಿರ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ.

ಮೂರು ದಿನದಲ್ಲಿ ಇಳಿಯದಿದ್ದರೆ, ನೀರುಗುಳ್ಳೆ, ಕೀವು ಅಥವಾ ಜ್ವರ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಅಪ್ಪ_ಅಂಕೋಲಾ:
ಬಟ್ಟೆ ವಿಷಯ ನಾನು ಹೇಳ್ತೇನೆ. ಈ ಹವೆಯಲ್ಲಿ ಬಟ್ಟೆ ಒಣಗಿಸೋದು ಬಿಸಿಗಿಂತ ಹೆಚ್ಚಾಗಿ ಗಾಳಿ. ಜಗಲಿಯ ಹೊರಗಿನ ಗಾಳಿಯಲ್ಲೇ ನೀರು ತುಂಬಿರ್ತದೆ, ಅದು ಬಟ್ಟೆಯ ನೀರನ್ನು ಎಲ್ಲಿಂದ ಎಳ್ಕೊಳ್ಬೇಕು?

ಅರ್ಧ ಕೆಲಸ ಹಗ್ಗಕ್ಕೆ ಹಾಕೋ ಮೊದಲೇ ಆಗ್ಬೇಕು. ಕೈಯಲ್ಲಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಅದರ ತೂಕದಷ್ಟಾದ್ರೂ ನೀರು ಉಳಿದಿರ್ತದೆ. ಸೆಮಿ ಆಟೋಮ್ಯಾಟಿಕ್ ಮಶೀನಿನ ಸ್ಪಿನ್ನರ್ ಇದ್ರೆ ಐದು ನಿಮಿಷ ತಿರುಗಿಸಿ, ಹೊರತೆಗೆದು ಕೊಡವಿ, ಮತ್ತೆ ಮೂರ್ನಾಲ್ಕು ನಿಮಿಷ ತಿರುಗಿಸಿ. ಎರಡನೇ ಸಲಕ್ಕೂ ನೀರು ಬರ್ತದೆ, ನೋಡಿ. ಕರೆಂಟು ಯಾವಾಗ ಹೋಗ್ತದೆ ಅಂತ ಹೇಳೂಕಾಗದ ದಿನಗಳಿವು, ಹಾಗಾಗಿ ಇದ್ದಾಗ ಮೊದಲು ಸ್ಪಿನ್, ಬಾಕಿದ್ದೆಲ್ಲ ಆಮೇಲೆ. ಮಶೀನಿಲ್ಲದಿದ್ರೆ ಒಣ ಟರ್ಕಿ ಟವೆಲ್ಲಿನ ಮೇಲೆ ಲಂಗೋಟಿ ಹರವಿ, ಚಾಪೆ ಸುತ್ತಿದ ಹಾಗೆ ಸುತ್ತಿ ಕಾಲಲ್ಲಿ ತುಳೀರಿ.

ಆಮೇಲೆ ಒಂದು ಕೋಣೆ ಹಿಡೀರಿ. ಹಗ್ಗಗಳ ಮಧ್ಯೆ ಒಂದು ಗೇಣು ಜಾಗ, ಬಟ್ಟೆ ಒಂದೇ ಪದರ. ಫ್ಯಾನು ಬಟ್ಟೆಯ ಬದಿಗೆ ಬೀಸ್ಬೇಕು, ಟೇಬಲ್ ಫ್ಯಾನ್ ಆದ್ರೆ ಒಳ್ಳೇದು. ಕಿಟಕಿ ಪೂರ್ತಿ ಮುಚ್ಚಬೇಡಿ, ಮುಚ್ಚಿದ್ರೆ ಬಟ್ಟೆಯ ನೀರು ಕೋಣೆಯಲ್ಲೇ ಸುತ್ತಿ ಗೋಡೆಗೆ ಬೂಷ್ಟು ಹಿಡೀತದೆ. ಇರಸಲು ಹೊಡೆಯದ ಬದಿಯ ಕಿಟಕಿ ನಾಲ್ಕು ಬೆರಳು ತೆಗೆದಿಡಿ. ಕೂಸು ಮಲಗೋ ಕೋಣೆ ಇದಕ್ಕೆ ಬೇಡ.

ಒಣಗಿದ್ದು ಹೌದೋ ಅಲ್ಲವೋ ನೋಡ್ಲಿಕ್ಕೆ ಅಂಚು ಮಡಚಿದ ಕಡೆ ಕೆನ್ನೆಗೆ ಒತ್ತಿ ಹಿಡೀರಿ, ತಣ್ಣಗೆ ಹತ್ತಿದ್ರೆ ಇನ್ನೂ ಒದ್ದೆ. ಹೊಲಿದ ಅಂಚೇ ಕಡೆಗೆ ಒಣಗೋದು. ಹಾಗಾಗಿ ಹೊಸ ಲಂಗೋಟಿ ಮಾಡೋದಾದ್ರೆ ನಾಲ್ಕು ಪದರ ಸೇರಿಸಿ ಹೊಲೀಬೇಡಿ. ಒಂದೇ ಪದರದ ಚೌಕ ಕತ್ತರಿಸಿ, ಉಡಿಸುವಾಗ ಮಡಚಿ. ಕೊನೆಗೆ ಇಸ್ತ್ರಿ. ಇಸ್ತ್ರಿ ಅಂದ್ರೆ ಸುಕ್ಕು ತೆಗೆಯೋದಲ್ಲ ಇಲ್ಲಿ, ಉಳಿದ ತೇವ ತೆಗೆಯೋದು. ಆವಿ ಬರೋದು ನಿಲ್ಲೋ ತನಕ ಒತ್ತಿ, ಆರಿದ ಮೇಲೆ ಡಬ್ಬಕ್ಕೆ ಹಾಕಿ. ಅಂಗಡಿಯ ಬಟ್ಟೆ ಡೈಪರ್ ಇದ್ರೆ ಹೊರ ಕವರಿಗೆ ಇಸ್ತ್ರಿಯೂ ಬೇಡ, ಒಲೆಯೂ ಬೇಡ, ಒಳಗಿನ ಪ್ಲಾಸ್ಟಿಕ್ ಪದರ ಬಿಟ್ಟು ಸೋರ್ತದೆ.

ಈ ಪ್ರಾಯಕ್ಕೆ ಹಗಲಿಗೆ 12–15 ಲಂಗೋಟಿ ಬೇಕು. ಮಳೆಗಾಲಕ್ಕೆ ಮೂರು ದಿನದ ದಾಸ್ತಾನು ಲೆಕ್ಕ ಹಿಡೀರಿ, ನಲವತ್ತರ ಸುಮಾರು. ಪಂಚೆ ತಾನೇ, ಖರ್ಚೇನಿಲ್ಲ.

ಸೋಂದಾ_ಆಯಿ:
ಬಚ್ಚಲ ಒಲೆ ಬಿಟ್ಟು ಶಿರಸಿ ಕಡೆ ಮಳೆಗಾಲ ಕಳೆಯೋದು ಹೇಗೆ ಮಾರಾಯ್ತಿ! ನಿನ್ನ ಅತ್ತೆ ಹೇಳಿದ್ದೂ ಸರಿ, ಗಂಡ ಹೇಳಿದ್ದೂ ಸರಿ. ಹೊತ್ತು ನೋಡಿ ಹರವಬೇಕು. ಅಡಿಕೆ ಸಿಪ್ಪೆ ಹಾಕಿ ಹಂಡೆ ಕಾಯಿಸುವಾಗ ಮೇಲೆ ಬಟ್ಟೆ ಇರಲೇ ಕೂಡದು. ಮಳೆಗಾಲದ ಸಿಪ್ಪೆ ಅರೆ ಹಸಿ, ಉರಿಗಿಂತ ಹೊಗೆಯೇ ಹೆಚ್ಚು. ನೀರು ಕಾದು, ಉರಿ ಇಳಿದು, ಬರೀ ಕೆಂಡ ಉಳಿದ ಮೇಲೆ ಗಳದ ಮೇಲೆ ಹರವು. ಅದಕ್ಕೂ ಮೊದಲು ಮಾಡಿನ ಇಲ್ಲಣ ಗುಡಿಸು, ಇಲ್ಲದಿದ್ರೆ ಕರಿ ಉದುರಿ ಬಿಳಿ ಪಂಚೆಯ ಗತಿ ಮುಗಿಯಿತು. ಗಳ ಆಳೆತ್ತರದಲ್ಲಿರಲಿ. ಬಟ್ಟೆ ಜಾರಿ ಕೆಂಡಕ್ಕೆ ಬೀಳದ ಹಾಗೆ ಕ್ಲಿಪ್ಪು ಹಾಕು, ಹರವಿಟ್ಟು ಗದ್ದೆಗೆ ಹೋಗಬೇಡ. ಹೊಗೆ ವಾಸನೆ ಹಿಡಿದ ಬಟ್ಟೆ ಮತ್ತೆ ತೊಳೆಯೋದೇ. ಕೂಸಿಗೆ ಸಾಂಬ್ರಾಣಿ ಹೊಗೆ ಹಾಕೋದೂ ಬೇಡ, ಎಳೇ ಶ್ವಾಸಕೋಶಕ್ಕೆ ಅದು ಕೆಮ್ಮು ದಮ್ಮಿನ ದಾರಿ.

ಮುಗ್ಗಲು ವಾಸನೆಗೆ ಒಣಗದಿರೋದು ಒಂದೇ ಕಾರಣ ಅಲ್ಲ, ತೊಳೆಯೋದರಲ್ಲೂ ಇದೆ. ಕಕ್ಕದ ಬಟ್ಟೆಯನ್ನು ಮೊದಲು ತಣ್ಣೀರಲ್ಲಿ ಜಾಲಿಸು. ನೇರ ಬಿಸಿನೀರಿಗೆ ಹಾಕಿದರೆ ಕಲೆ ಕೂತುಬಿಡ್ತದೆ. ಸೋಪಿನ ಪುಡಿ ಒಂದು ಬಕೆಟ್ಟಿಗೆ ಒಂದು ಚಮಚ ಸಾಕು. ಈಗ ಬಾವಿ ನೀರಿಗೂ ಸೂರಿನ ನೀರಿಗೂ ಉಪ್ಪಿನಂಶ ಕಡಿಮೆ, ನೊರೆ ಬೇಗ ಬರ್ತದೆ, ಬೇಗ ಹೋಗೋದಿಲ್ಲ. ಕೊನೆಯ ನೀರಲ್ಲಿ ಬಟ್ಟೆ ಹಿಂಡಿದಾಗ ಒಂದು ಗುಳ್ಳೆ ನೊರೆ ಕಂಡರೂ ಇನ್ನೊಂದು ಸಲ ಜಾಲಿಸು, ಉಳಿದ ಸೋಪೂ ಉರಿಗೆ ಒಂದು ಕಾರಣ. ಡೆಟ್ಟಾಲೂ ಬೇಡ, ಕಂಫರ್ಟೂ ಬೇಡ. ಮೊದಲನೇದು ಚರ್ಮಕ್ಕೆ ಉರಿ, ಎರಡನೇದು ಬಟ್ಟೆಗೆ ಜಿಡ್ಡಿನ ಹಾಗೆ ಹತ್ತಿ ಉಚ್ಚೆ ಹೀರೋಕೆ ಬಿಡೋದಿಲ್ಲ. ವಾರಕ್ಕೊಮ್ಮೆ ಬರೀ ನೀರಲ್ಲಿ ಹತ್ತು ನಿಮಿಷ ಕುದಿಸಿದರೆ ವಾಸನೆಯ ಬೇರೇ ಹೋಗ್ತದೆ.

ನಿಮ್ಮ ಬಾವಿ ಅಘನಾಶಿನಿ ಹೊಳೆಯ ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಹತ್ತಿರವಾ? ಸವಳು ನೀರಾದರೆ ಕೊನೆಯ ಜಾಲು ಸೂರಿನ ನೀರಲ್ಲಿ ಮಾಡು. ಉಪ್ಪು ಉಳಿದ ಬಟ್ಟೆ ಗಾಳಿಯ ತೇವವನ್ನೇ ಎಳ್ಕೊಳ್ತದೆ, ಏನು ಮಾಡಿದರೂ ಗರಿಗರಿ ಆಗೋದಿಲ್ಲ.

ಹೊನ್ನಾವರ_ಪುಟ್ಟಿಅಮ್ಮ:
ದಿನಕ್ಕೆ ಮೂರ್ನಾಲ್ಕು ಸಲ ಮಣ್ಣಿಯಂಥದ್ದೇ ಕಕ್ಕ ಆದ್ರೆ ಅದು ಭೇದಿ ಅಲ್ಲ. ನೀರಿನ ಹಾಗೆ ಹೋದ್ರೆ ಮಾತ್ರ ಭೇದಿ. ಹಾಗಾದ್ರೆ ಓಆರ್‌ಎಸ್ ಕೊಡಿ: ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್, ಚಿಕ್ಕದಕ್ಕೆ 200 ಮಿ.ಲೀ. ಕುದಿಸಿ ಆರಿಸಿದ ನೀರು. ಪ್ಯಾಕೆಟ್ ಮೇಲಿನ ಅಳತೆ ನೋಡಿ ಒಮ್ಮೆಗೇ ಪೂರ್ತಿ ಕಲಸಬೇಕು. ಅರ್ಧ ಪುಡಿ ತೆಗೆದಿಟ್ಟು ಅಂದಾಜಿನಲ್ಲಿ ಕಲಸಿದ್ರೆ ಉಪ್ಪು ಹೆಚ್ಚುಕಮ್ಮಿ ಆಗಿ ಅಪಾಯ. ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿ.ಲೀ., ಚಮಚದಲ್ಲಿ ನಿಧಾನ. 24 ಗಂಟೆ ಕಳೆದ್ರೆ ಚೆಲ್ಲಿ. ಎದೆಹಾಲು ನಿಲ್ಲಿಸಬೇಡಿ. ಭೇದಿಯಾದ್ರೆ ಆರು ತಿಂಗಳು ದಾಟಿದ ಕೂಸಿಗೆ ಜಿಂಕ್ ಮಾತ್ರೆ 20 ಮಿ.ಗ್ರಾಂ. ದಿನಕ್ಕೊಮ್ಮೆ, 14 ದಿನ. ಎರಡೂ ಆಶಾ ಕಾರ್ಯಕರ್ತೆಯರ ಹತ್ತಿರ ಸಿಗ್ತದೆ. ಆರು ಗಂಟೆ ಉಚ್ಚೆ ಇಲ್ಲ, ಕಣ್ಣು ಗುಳಿ ಬಿದ್ದಿದೆ, ಕೂಸು ಸಪ್ಪಗಿದೆ ಅಂದ್ರೆ ಮನೆಯಲ್ಲಿ ಕೂರಬೇಡಿ.

ಮಣ್ಣಿ ಹೇಗೆ ಮಾಡ್ತೀರಿ? ಮೊಳಕೆ ರಾಗಿ ಪುಡಿ ಆದ್ರೆ ಈ ತಿಂಗಳು ಬಿಡಿ. ಮೊಳಕೆ ಬಂದ ರಾಗಿ ಬಿಸಿಲಿಲ್ಲದೆ ಒಣಗುವಷ್ಟರಲ್ಲಿ ಬೂಷ್ಟು ಹಿಡಿದಿರ್ತದೆ, ಹುರಿದ್ರೆ ವಾಸನೆ ಹೋಗಬಹುದು, ಬೂಷ್ಟಿನ ವಿಷ ಹೋಗೋದಿಲ್ಲ. ಅದರ ಬದಲು ಎರಡು ದೊಡ್ಡ ಚಮಚ ರಾಗಿ ತೊಳೆದು ರಾತ್ರಿ ನೆನೆಸಿ, ಬೆಳಿಗ್ಗೆ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ ಹಾಲು ತೆಗೀರಿ. ಒಂದು ಲೋಟ ನೀರು ಸೇರಿಸಿ, ತಣ್ಣಗಿರುವಾಗಲೇ ಕದಡಿ ಒಲೆಗಿಡಿ. ಬಿಸಿನೀರಿಗೆ ಹಾಕಿದ್ರೆ ಗಂಟು ಗ್ಯಾರಂಟಿ. ಸಣ್ಣ ಉರಿಯಲ್ಲಿ ಕೈ ಬಿಡದೆ ಹತ್ತು ನಿಮಿಷ, ಬಣ್ಣ ಗಾಢವಾಗಿ ಹೊಳಪು ಬರೋ ತನಕ. ಚಮಚ ಓರೆ ಮಾಡಿದ್ರೆ ಜರ್ರಂತ ಹರೀಬಾರದು, ತೆಳು ಮಣ್ಣಿಯಲ್ಲಿ ಹೊಟ್ಟೆ ತುಂಬೋದು ನೀರೇ. ಉಳಿದದ್ದನ್ನು ಸಂಜೆಗೆ ಇಡಬೇಡಿ.

ಜೋನಿಬೆಲ್ಲ, ಉಪ್ಪು ಒಂದು ವರ್ಷದ ತನಕ ಬೇಡ. ಜೇನಂತೂ ಎಷ್ಟೇ ಚೊಕ್ಕ ತುಡುವೆ ಜೇನಾದ್ರೂ ಬೇಡ, ಬಜೆ ತೇಯ್ದು ನೆಕ್ಕಿಸುವಾಗಲೂ ಬೇಡ. ಅದರಲ್ಲಿ ಇರಬಹುದಾದ ಬೊಟುಲಿಸಂ ಬೀಜಾಣು ವರ್ಷದೊಳಗಿನ ಕೂಸಿನ ಕರುಳಲ್ಲಿ ಬೆಳೆದು ವಿಷ ಬಿಡ್ತದೆ. ಹೊಸ ತಿನಿಸು ಒಂದೊಂದೇ ಶುರು ಮಾಡಿ, ಮಧ್ಯೆ ಮೂರು ದಿನ ಬಿಡಿ. ಯಾವುದರಿಂದ ಏನಾಯ್ತು ಅಂತ ಆಗ ಗೊತ್ತಾಗ್ತದೆ.

ಕುಮಟಾ_ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ನರ್ಸಕ್ಕ, ಬೆಳಕಲ್ಲಿ ನೋಡಿದೆ. ಮಡಿಕೆ ಒಳಗೇ ಕೆಂಪು ಜಾಸ್ತಿ, ಸುತ್ತ ಸಣ್ಣ ಗುಳ್ಳೆ ಇವೆ. ನಾಲಿಗೆ ಮೇಲೆ, ಕೆನ್ನೆ ಒಳಗೆ ಮೊಸರಿನಂಥ ಬಿಳಿ, ಬಟ್ಟೆಯಲ್ಲಿ ಒರೆಸಿದ್ರೂ ಹೋಗೂದಿಲ್ಲ. ಅತ್ತೆ ಕೂವೆ ಹಿಟ್ಟು ಉದುರಿಸು ಅಂತಿದ್ದಾರೆ. ಡಾಕ್ಟರ್ ಹತ್ರ ನಾಳೆ ಹೋಗ್ತೇವೆ. ಫಂಗಸ್ ಮದ್ದು ಕೊಟ್ರೆ ಜಿಂಕ್ ಕ್ರೀಮು ನಿಲ್ಲಿಸಬೇಕಾ?

ನರ್ಸಕ್ಕ_ಕಾರವಾರ:
ನಿಲ್ಲಿಸುವುದು ಬೇಡ. ಎರಡೂ ಬೇಕು, ಆದರೆ ಯಾವುದು ಮೊದಲು ಅನ್ನುವುದು ಮುಖ್ಯ. ತೊಳೆದು ಪೂರ್ತಿ ಒಣಗಿದ ಚರ್ಮಕ್ಕೆ ಮೊದಲು ಫಂಗಸ್ ಕ್ರೀಮು ತೆಳ್ಳಗೆ, ಗುಳ್ಳೆಗಳ ಆಚೆಗೂ ಒಂದು ಬೆರಳಗಲ. ಸಾಮಾನ್ಯವಾಗಿ ಕ್ಲೋಟ್ರಿಮಜೋಲ್ 1% ಒಂದನ್ನೇ ದಿನಕ್ಕೆ ಎರಡು ಸಲ ಬರೆಯುತ್ತಾರೆ. ಅದು ಹೀರಿಕೊಂಡ ಮೇಲೆ ಜಿಂಕ್ ದಪ್ಪ ಪದರ. ತಿರುಗಾ ಮುರುಗಾ ಮಾಡಿದರೆ ಜಿಂಕ್ ಅಡ್ಡ ನಿಂತು ಮದ್ದು ಚರ್ಮಕ್ಕೆ ತಾಗುವುದಿಲ್ಲ. ಕೆಂಪು ಹೋಯಿತು ಅಂತ ಆ ದಿನವೇ ಬಿಡಬೇಡಿ, ಡಾಕ್ಟರ್ ಹೇಳಿದಷ್ಟು ದಿನ ಹಚ್ಚಿ.

ಬಾಯಿಯ ಬಿಳಿಯನ್ನು ತಪ್ಪದೆ ತೋರಿಸಿ, ಅದೂ ಇದೇ ಫಂಗಸ್ ಆಗಿರಬಹುದು. ಉಜ್ಜಿ ತೆಗೆಯಬೇಡಿ, ರಕ್ತ ಬರುತ್ತದೆ. ಮೊಲೆತೊಟ್ಟಿನಲ್ಲಿ ಉರಿ, ಕೆಂಪು ಇದ್ದರೆ ಅದನ್ನೂ ಹೇಳಿ. ತಾಯಿಗೂ ಕೂಸಿಗೂ ಒಟ್ಟಿಗೇ ಮದ್ದಾಗದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಕೂವೆ ಹಿಟ್ಟು ಬೇಡ. ಒದ್ದೆ ಮಡಿಕೆಯಲ್ಲಿ ಅಂಟುಗಟ್ಟಿ ಮರಳಿನ ಹಾಗೆ ತಿಕ್ಕುತ್ತದೆ. ಟಾಲ್ಕಂ ಪೌಡರಂತೂ ಮೂಗಿಗೆ ಹೋಗುತ್ತದೆ, ಅದೂ ಬೇಡ.

ಜಿಂಕ್ ಕ್ರೀಮು ಲಂಗೋಟಿಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ. ಚರ್ಮಕ್ಕೂ ಲಂಗೋಟಿಗೂ ನಡುವೆ ಮಲ್ ಬಟ್ಟೆಯ ಒಂದು ತುಂಡು ಹಾಸಿ, ವಾಸಿಯಾದ ಮೇಲೆ ಆ ತುಂಡುಗಳನ್ನು ಬಿಸಾಡಿ. ಫಂಗಸ್ ಇರುವಷ್ಟು ದಿನ ಲಂಗೋಟಿಗಳನ್ನು ದಿನವೂ ಕುದಿಸಿ ಇಸ್ತ್ರಿ ಮಾಡಿ. ಅಷ್ಟು ಆಗದಿದ್ದರೆ ಆ ದಿನಗಳಿಗೆ ಹಗಲೂ ಅಂಗಡಿ ಡೈಪರೇ ಇರಲಿ, ಎರಡು ಗಂಟೆಗೊಮ್ಮೆ ಬಿಚ್ಚಿ ನೋಡುತ್ತಿರಿ.