ನಾಯಿ ಅಡ್ಡ ಬಂತು, ಬಾನೆಟ್ ಸಿಡಿದು ಎದ್ದಿತು, ಎಸ್ಟಿಮೇಟ್ 6.4 ಲಕ್ಷ: ಅನುಭವ ಇದ್ದವರು ಹೇಳಿ

ಕೇಳಿದವರು, ಉಡುಪಿ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 6 ವರ್ಷ ಹಳೆಯ ಒಂದು ಜರ್ಮನ್ ಸೆಡಾನ್ ಉಂಟು, ಆರು ಸಿಲಿಂಡರಿನದ್ದು, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಹೋದ ವಾರ ರಾತ್ರಿ ಪಡುಬಿದ್ರಿ ದಾಟಿ ಕಾಪು ಕಡೆ ಬರುವಾಗ ಡಿವೈಡರ್ ಗಿಡಗಳ ಸಂದಿಯಿಂದ ಒಂದು ನಾಯಿ ನುಗ್ಗಿತು. ಬ್ರೇಕ್ ಹಾಕಿದ್ದೆ, ಸ್ಪೀಡ್ 45 ಇರಬಹುದು. ಬಂಪರಿಗೆ ತಾಗಿದ್ದು ಸರಿಯಾಗಿ ಗೊತ್ತೂ ಆಗಲಿಲ್ಲ, ಆದರೆ ಗರ್ನಾಲ್ ಬಿಟ್ಟ ಹಾಗೆ ಢಂ ಅಂತ ಸದ್ದಾಗಿ ಬಾನೆಟ್‌ನ ಗಾಜಿನ ಕಡೆಯ ತುದಿ ಮೇಲೆದ್ದು ನಿಂತಿತು. ಕಾರು ತಾಗಿದ ಪಾದಚಾರಿಯ ತಲೆ ಉಳಿಸಲು ಬಾನೆಟ್ ಎತ್ತುವ ವ್ಯವಸ್ಥೆಯಂತೆ ಅದು. ನಾಯಿ ಕುಂಟುತ್ತಾ ಸರ್ವಿಸ್ ರೋಡಿಗೆ ಹೋಯಿತು. ನಾನು ಅಲ್ಲೇ ಕೂತೆ.

ಸರ್ವಿಸ್ ಸೆಂಟರಿನವರು ಕೊಟ್ಟ ಲೆಕ್ಕ ಇದು: ಬಾನೆಟ್ 1,90,000, ಅದನ್ನು ಎತ್ತುವ ಎರಡು ಆಕ್ಚುಯೇಟರ್ ಸೇರಿ 1,10,000, ಹಿಂಜ್ 38,000, ಬಂಪರ್ 85,000, ಬಂಪರ್ ಒಳಗಿನ ಸೆನ್ಸರ್ ಟ್ಯೂಬ್ ಮತ್ತು ಫೋಮ್ 42,000, ಕಂಟ್ರೋಲ್ ಮಾಡ್ಯೂಲ್ 95,000, ಪೇಂಟ್ ಮತ್ತು ಲೇಬರ್ 80,000. ಬಂಪರಿನಲ್ಲಿ ಇರುವುದು ಒಂದು ಗೀರು ಮಾತ್ರ! ಇದೆಲ್ಲ ಬದಲಿಸಲೇಬೇಕಾ? ಇನ್ಶೂರೆನ್ಸ್ ಉಂಟು, ಝೀರೋ ಡೆಪ್ (ಪಾರ್ಟ್ ಹಳೆಯದಾಯಿತು ಅಂತ ಹಣ ಕಡಿಯದ ಕವರ್) ಈ ವರ್ಷ ಹಾಕಿಸಿಲ್ಲ. ಒಬ್ಬ ಪರಿಚಯದವರು ರೆಸಿಸ್ಟರ್ ಹಾಕಿ ಡ್ಯಾಶ್‌ನ ವಾರ್ನಿಂಗ್ ಲೈಟ್ ಆಫ್ ಮಾಡಿಸು, ಬಾನೆಟ್ ಒತ್ತಿ ಕೂರಿಸು, ಮೂವತ್ತು ಸಾವಿರದಲ್ಲಿ ಮುಗಿಯುತ್ತದೆ ಅಂದರು. ಹೌದಾ?

ಸುರತ್ಕಲ್‌ನಿಂದ:

ಅಣ್ಣಾ, ಎರಡು ವರ್ಷದ ಹಿಂದೆ ನನಗೂ ಇದೇ ಆದದ್ದು, ನಾಯಿಯ ಬದಲು ಪ್ಲಾಸ್ಟಿಕ್ ಬ್ಯಾರಿಕೇಡ್, ಕೂಳೂರು ಸೇತುವೆಯ ಹತ್ತಿರ, ಜೋರು ಮಳೆ, ಗಾಳಿಗೆ ಅದು ಉರುಳಿಕೊಂಡು ಬಂತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಅದು ಯಾಕೆ ಸಿಡಿಯಿತು ಅಂತ ತಿಳಿದುಕೊಳ್ಳಿ, ಆಮೇಲೆ ಬಿಲ್ ಓದುವುದು ಸುಲಭ. ಬಂಪರ್ ಸ್ಕಿನ್ ಹಿಂದೆ ಫೋಮಿನಲ್ಲಿ ಒಂದು ಗಾಳಿ ತುಂಬಿದ ಟ್ಯೂಬ್ ಅಡ್ಡಕ್ಕೆ ಹೋಗುತ್ತದೆ, ಎರಡೂ ತುದಿಯಲ್ಲಿ ಪ್ರೆಶರ್ ಸೆನ್ಸರ್. ಕೆಲವು ಕಾರಿನಲ್ಲಿ ಟ್ಯೂಬ್ ಬದಲು ಬೇರೆ ಸೆನ್ಸರ್ ಇರುತ್ತದೆ. ಕಾಲಿನಷ್ಟು ಮೆತ್ತಗಿನದ್ದು ಬಡಿದರೂ ಟ್ಯೂಬ್ ಅಮುಕುತ್ತದೆ, ಮಾಡ್ಯೂಲ್ ಅದು ಮನುಷ್ಯನ ಕಾಲೇ ಅಂತ ಲೆಕ್ಕ ಹಾಕಿ ಹಿಂಜ್ ಹತ್ತಿರ ಇರುವ ಸಿಡಿಮದ್ದಿನ ಕ್ಯಾಪ್ಸೂಲ್ ಸಿಡಿಸುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ತೀರಾ ನಿಧಾನ ಹೋಗುವಾಗ ಸಿಡಿಯುವುದಿಲ್ಲ, ತುಂಬಾ ಜೋರಿದ್ದರೂ ಇಲ್ಲ, ಸಾಮಾನ್ಯವಾಗಿ ಗಂಟೆಗೆ 25ರಿಂದ 50 ಕಿ.ಮೀ. ಆಸುಪಾಸು. ನಿಮ್ಮ 45 ಸರಿಯಾಗಿ ಅದರೊಳಗೇ ಬಿತ್ತು ನೋಡಿ.

ಸಾಮಾನ್ಯ ಹ್ಯಾಚ್‌ಬ್ಯಾಕಿಗೆ ಈ ರಗಳೆ ಯಾಕಿಲ್ಲ ಅಂದರೆ, ಅದರ ಬಾನೆಟ್ ಎತ್ತರ, ಎಂಜಿನ್ ಸಣ್ಣದು, ನಡುವೆ ಜಾಗ ಉಂಟು. ಪಾದಚಾರಿ ಸುರಕ್ಷತೆಗೆ ಇರುವ ನಮ್ಮ ದೇಶದ ಎಐಎಸ್-100 ನಿಯಮಕ್ಕೆ ಆ ಜಾಗವೇ ಸಾಕಾಗುತ್ತದೆ. ಪರ್ಫಾರ್ಮೆನ್ಸ್ ಕಾರಿನಲ್ಲಿ ಮೂಗು ತಗ್ಗು, ಕೆಳಗೆ ದೊಡ್ಡ ಎಂಜಿನ್ ತುಂಬಿಕೊಂಡಿರುತ್ತದೆ. ಪಾದಚಾರಿಯ ತಲೆ ಬಂದು ಬಡಿದರೆ ತಗಡು ಒಂದಿಷ್ಟು ತಗ್ಗಿ ನೇರ ಎಂಜಿನ್ ಕಬ್ಬಿಣಕ್ಕೇ. ಇಲ್ಲದ ಜಾಗವನ್ನು ಆ ಕ್ಷಣಕ್ಕೆ ಮಾಡಿಕೊಡುವುದೇ ಈ ಮದ್ದಿನ ಕೆಲಸ. 2005ರ ಸಿಟ್ರೊಯೆನ್ ಸಿ6, ಅದರ ಬೆನ್ನಿಗೇ ಜಾಗ್ವಾರ್ ಎಕ್ಸ್‌ಕೆ, ಯುರೋಪಿನಲ್ಲಿ ಹೀಗೆ ಶುರುವಾದದ್ದು. 2012ರ ವೋಲ್ವೋ ವಿ40 ಇನ್ನೂ ಮುಂದೆ ಹೋಗಿ ಗಾಜಿನ ಮೇಲೆ ಹೊರಗಡೆಯೇ ಏರ್‌ಬ್ಯಾಗ್ ಬಿಚ್ಚುವ ಹಾಗೆ ಮಾಡಿತು. ಮದ್ದಿಲ್ಲದೆ ಮಾಡಿದವರೂ ಉಂಟು. 2009ರ ಮರ್ಸಿಡಿಸ್ ಇ-ಕ್ಲಾಸಿನಲ್ಲಿ ಸ್ಪ್ರಿಂಗ್ ಇತ್ತು, ಎದ್ದ ಬಾನೆಟನ್ನು ಡ್ರೈವರೇ ಒತ್ತಿ ಮತ್ತೆ ಕೂರಿಸಬಹುದಿತ್ತು. ಅದು ಎಲ್ಲರಿಗೂ ಬರಬೇಕಿತ್ತು ಅಂತ ಬಿಲ್ ನೋಡಿದ ದಿನ ನನಗೆ ಅನಿಸಿತು.

ಈಗ ಬಿಲ್. ಆಕ್ಚುಯೇಟರ್ ಎರಡೂ ಹೋದ ಹಾಗೇ, ಸುಟ್ಟ ಪಟಾಕಿ ಅದು, ಮಾತಾಡಿ ಪ್ರಯೋಜನ ಇಲ್ಲ. ಹಿಂಜ್ ಕೂಡ ಬೇಡ ಅನ್ನಬೇಡಿ, ಸಿಡಿತಕ್ಕೆ ಅದರ ಪಿನ್ ಅಥವಾ ಬೋಲ್ಟ್ ಕಡಿಯುವ ಹಾಗೇ ಮಾಡಿರುತ್ತಾರೆ. ಬಾನೆಟ್ ಮಾತ್ರ ನೀವೇ ಹೋಗಿ ನೋಡಿ. ಮುಂದಿನ ಲಾಚ್ ಹಿಡಿದುಕೊಂಡೇ ಇರುತ್ತದೆ, ಹಿಂದಿನಿಂದ ಒಮ್ಮೆಲೇ ಗುದ್ದಿದಾಗ ಅಲ್ಯೂಮಿನಿಯಂ ಹಾಳೆ ಹಿಂಜ್ ಕೂರುವಲ್ಲಿ ಮಡಿಯುತ್ತದೆ. ನನ್ನದರಲ್ಲಿ ಮೇಲಿನಿಂದ ಏನೂ ಕಾಣುತ್ತಿರಲಿಲ್ಲ. ಒಳಗಡೆಯಿಂದ ಕೈಯಾಡಿಸಿದಾಗ ಉಗುರಿನಷ್ಟು ಉದ್ದದ ಮಡಿಕೆ ಸಿಕ್ಕಿತು, ಟಾರ್ಚ್ ಓರೆ ಹಿಡಿದಾಗ ಪೇಂಟ್ ಜೇಡರ ಬಲೆಯ ಹಾಗೆ ಬಿರುಕು ಬಿಟ್ಟದ್ದು ಕಂಡಿತು. ಅಲ್ಯೂಮಿನಿಯಂ ತಗಡನ್ನು ಟಿಂಕರ್ ಬಡಿದು ನೇರ ಮಾಡಿದರೆ ಮುಂದಿನ ಸಲ ಅದು ಎಲ್ಲಿ ಮಡಿಯುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ನಾನು ಹೊಸದೇ ಹಾಕಿಸಿದೆ. ಮಡಿಕೆ ಇಲ್ಲವಾದರೆ, ಕಂಪೆನಿಯ ರಿಪೇರಿ ಮ್ಯಾನುಯಲ್‌ನಲ್ಲಿ ಬಾನೆಟ್ ಬದಲಿಸಬೇಕು ಅಂತ ಬರೆದ ಪುಟ ತೋರಿಸಿ ಅಂತ ಕೇಳಿ.

ನನಗೆ ಉಳಿದದ್ದು ಎರಡೇ ಕಡೆ. ಮಾಡ್ಯೂಲ್ ಬದಲಿಸಬೇಕು ಅಂದಿದ್ದರು, 90,000. ಒಳಗೆ ಕ್ರ್ಯಾಶ್ ಡೇಟಾ ಲಾಕ್ ಆಗಿದೆಯಾ (ಅಂದರೆ ಪೆಟ್ಟಿನ ದಾಖಲೆ ಅಳಿಸಲಾಗದ ಹಾಗೆ ಕೂತಿದೆಯಾ), ಸುಮ್ನೆ ಅಳಿಸಬಹುದಾದ ಫಾಲ್ಟ್ ಕೋಡ್ ಮಾತ್ರವಾ ಅಂತ ಸ್ಕ್ಯಾನ್ ರಿಪೋರ್ಟ್ ಪ್ರಿಂಟ್ ಕೇಳಿದೆ. ಮೂರು ದಿನ ಓಡಾಡಿಸಿ ಕೊನೆಗೆ ಆಕ್ಚುಯೇಟರ್ ಹೊಸದು ಕೂರಿಸಿದ ಮೇಲೆ ಕೋಡ್ ಕ್ಲಿಯರ್ ಆಗುತ್ತದೆ ಅಂದರು, 12,000ಕ್ಕೆ ಮುಗಿಯಿತು. ಎಲ್ಲ ಕಾರಿನಲ್ಲೂ ಹೀಗಾಗುವುದಿಲ್ಲ, ಕೆಲವು ಮಾಡ್ಯೂಲ್ ಒಮ್ಮೆ ಸಿಡಿಸಿದರೆ ಮುಗಿಯಿತು, ಹೊಸದೇ ಬೇಕು. ಆದರೆ ಕೇಳದೆ ಬಿಡಬೇಡಿ. ಇನ್ನೊಂದು ಬಂಪರ್ ಸ್ಕಿನ್, ಅದು ಬರೀ ಗೀರು ಬಿದ್ದದ್ದು, 80,000ದ ಬದಲು 14,000ಕ್ಕೆ ಪೇಂಟ್ ಆಯಿತು. ಒಳಗಿನ ಫೋಮ್ ಮಾತ್ರ ಅಮುಕಿದ್ದರೆ ಬದಲಿಸಿ, ಅಲ್ಲಿ ಜಿಪುಣತನ ಮಾಡಬೇಡಿ. 5,70,000 ಇದ್ದ ಎಸ್ಟಿಮೇಟ್ 4,26,000ಕ್ಕೆ ಬಂತು. ಝೀರೋ ಡೆಪ್ ಇದ್ದ ಕಾರಣ ಕೈಯಿಂದ ಹೋದದ್ದು ಹದಿನಾಲ್ಕು ಸಾವಿರ ಚಿಲ್ಲರೆ, ಮತ್ತೆ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ಪ್ರೀಮಿಯಂ ರಿಯಾಯಿತಿ.

ಹಾಂ, ಕಾಯಬೇಕು. ಮದ್ದು ಇರುವ ಪಾರ್ಟ್ ಡೇಂಜರಸ್ ಗೂಡ್ಸ್ ಲೆಕ್ಕದಲ್ಲಿ ಬರುವುದು, ಬೇರೆ ಸಾಮಾನಿನ ಹಾಗೆ ವಿಮಾನಕ್ಕೆ ಎಸೆದು ಕಳಿಸುವುದಿಲ್ಲ. ನನಗೆ ಏಳು ವಾರ ಹಿಡಿಯಿತು.

ಕುಂದಾಪುರದಿಂದ:

ನಾಯಿಗೆ ಬ್ಯಾಂಡೇಜೂ ಬೇಡ, ಕಾರಿಗೆ 6.4 ಲಕ್ಷ. ನಮ್ಮ ಮನೆಯ ಹಳೆ ಮಾರುತಿ 800ರಲ್ಲಿ ಬಂಪರ್ ಜೋತರೆ ಬೈಂಡಿಂಗ್ ವೈರ್ ಸಾಕಾಗುತ್ತಿತ್ತು ಮಾರಾಯ್ರೇ.

ಮಂಗಳೂರಿನಿಂದ (ಹತ್ತು ವರ್ಷ ಕ್ಲೇಮ್ ಫೈಲ್ ನೋಡಿದವ):

ಸರ್, ಝೀರೋ ಡೆಪ್ ಇಲ್ಲದಿದ್ದರೆ ಲೆಕ್ಕ ಹೀಗೆ ಬರುತ್ತದೆ. 5 ವರ್ಷ ದಾಟಿ 10ರೊಳಗಿನ ಕಾರಿನ ಲೋಹದ ಪಾರ್ಟಿಗೆ 40 ಪರ್ಸೆಂಟ್ ಕಡಿತ. ರಬ್ಬರ್, ನೈಲಾನ್, ಪ್ಲಾಸ್ಟಿಕ್, ಬ್ಯಾಟರಿ, ಏರ್‌ಬ್ಯಾಗ್ ಇವಕ್ಕೆ ಕಾರು ಎಷ್ಟೇ ಹೊಸದಿರಲಿ 50. ನಿಮ್ಮ ಲಿಸ್ಟಿನಲ್ಲಿ ಬಾನೆಟ್, ಹಿಂಜ್, ಮಾಡ್ಯೂಲ್ 40ರಲ್ಲಿ ಹೋದರೂ ಬಂಪರ್, ಟ್ಯೂಬ್, ಫೋಮ್ 50ರಲ್ಲಿ ಹೋಗುತ್ತವೆ. ಆಕ್ಚುಯೇಟರ್ ವಿಷಯದಲ್ಲೇ ಜಗಳ. ಪಾಲಿಸಿಯಲ್ಲಿ ಬಾನೆಟ್ ಆಕ್ಚುಯೇಟರ್ ಅಂತ ಎಲ್ಲೂ ಬರೆದಿಲ್ಲ, ನಷ್ಟ ಲೆಕ್ಕ ಹಾಕಲು ಬರುವ ಇನ್ಶೂರೆನ್ಸ್ ಸರ್ವೇಯರ್ ಅದನ್ನು ಏರ್‌ಬ್ಯಾಗ್ ಸಾಲಿಗೆ ಸೇರಿಸಿದರೆ ನಿಮಗೆ ನಷ್ಟ. ಹಾಗೆ ಸೇರಿಸಿದರೆ ಪಾರ್ಟ್ಸಿನಲ್ಲೇ ನಿಮ್ಮ ಕೈಯಿಂದ ಸುಮಾರು ಎರಡೂವರೆ ಲಕ್ಷ ಹೋಗುತ್ತದೆ, ಪೇಂಟಿನಲ್ಲಿ ಸ್ವಲ್ಪ, ಮೇಲೆ 1500 ಸಿಸಿ ದಾಟಿದ ಕಾರಿಗೆ ಕಡ್ಡಾಯವಾಗಿ ನೀವೇ ಹಾಕಬೇಕಾದ 2,000. ಅದು ಉಕ್ಕಿನ ಸಿಲಿಂಡರ್, ಬಟ್ಟೆಯ ಚೀಲ ಅಲ್ಲ, ಲೋಹದ ಲೆಕ್ಕದಲ್ಲಿ ಹಾಕಿ ಅಂತ ಸರ್ವೇ ದಿನವೇ ಮರ್ಯಾದೆಯಿಂದ ಕೇಳಿ. ಆಮೇಲೆ ರಿಪೋರ್ಟ್ ಹೋದರೆ ಬದಲಿಸುವುದು ಕಷ್ಟ.

ಬಂಪರ್ ಬಿಚ್ಚುವ ಮೊದಲು ಫೋಟೋ ತೆಗೆದಿಡಿ. ಗೀರು ಇದ್ದ ಜಾಗದಲ್ಲಿ ನಾಯಿ ಕೂದಲು ಅಂಟಿದ್ದರೆ ಅದನ್ನು ತೊಳೆಯಬೇಡಿ, ನಗಬೇಡಿ, ಪೆಟ್ಟೇ ಇಲ್ಲದೆ ಬಾನೆಟ್ ಎದ್ದಿದೆ, ಇದು ಕಾರಿನದ್ದೇ ದೋಷ ಅಂತ ಕ್ಲೇಮ್ ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ.

ಬೈಕಂಪಾಡಿಯಿಂದ (ಗ್ಯಾರೇಜ್):

ರೆಸಿಸ್ಟರ್ ವಿಷಯ ನಾನು ಹೇಳುತ್ತೇನೆ. ಮಾಡುವವರು ಇದ್ದಾರೆ, ಹತ್ತು ರೂಪಾಯಿಯ ಸಾಮಾನು, ಆಕ್ಚುಯೇಟರ್ ಕನೆಕ್ಟರಿಗೆ ಸಿಕ್ಕಿಸಿದರೆ ಮಾಡ್ಯೂಲಿಗೆ ಎಲ್ಲ ಸರಿ ಉಂಟು ಅಂತಲೇ ಕಾಣುತ್ತದೆ. ನಾನು ಮಾಡುವುದಿಲ್ಲ. ತುಂಬಾ ಕಾರುಗಳಲ್ಲಿ ಇದನ್ನು ನೋಡಿಕೊಳ್ಳುವುದೂ ಒಳಗಿನ ಏರ್‌ಬ್ಯಾಗ್ ನೋಡಿಕೊಳ್ಳುವುದೂ ಒಂದೇ ಮಾಡ್ಯೂಲ್, ಅದಕ್ಕೆ ಸುಳ್ಳು ಹೇಳಿ ಅಭ್ಯಾಸ ಮಾಡಬಾರದು. ಮತ್ತೆ ನೀವು ದಿನಾ ಓಡುವುದು ಇದೇ ಎನ್‌ಎಚ್ 66ರಲ್ಲಿ, ಬಸ್ಸಿಳಿದ ಮಕ್ಕಳು ಕತ್ತೆತ್ತಿ ನೋಡದೆ ದಾಟುವ ರಸ್ತೆ. ಒತ್ತಿ ಕೂರಿಸಿದ ಬಾನೆಟ್ ಬೇರೆ, ಕಡಿದ ಹಿಂಜಿನಲ್ಲಿ 100ರಲ್ಲಿ ಹೋಗುವಾಗ ಗಾಳಿಗೆ ಎದ್ದರೆ ನಿಮ್ಮ ಎದುರಿನ ಗಾಜೇ ಹೋಗುತ್ತದೆ.

ಸಿಡಿಯದೆ ಬರೀ ಲೈಟ್ ಬಂದವರಿಗೂ ಒಂದು ಮಾತು. ಮಳೆಗಾಲದಲ್ಲಿ ನನ್ನ ಹತ್ತಿರ ಬರುವ ಈ ಕೇಸಿನಲ್ಲಿ ಹೆಚ್ಚಿನದ್ದು ಇಲಿ. ಬೆಚ್ಚಗಿನ ಎಂಜಿನ್ ಹತ್ತಿರ ಬಂದು ಕೂತು ಆ ಮೆತ್ತಗಿನ ಟ್ಯೂಬ್ ಕಡಿಯುತ್ತದೆ, ಚಕ್ಕುಲಿ ಕಚ್ಚಿದ ಹಾಗೆ ಗುರುತು ಇರುತ್ತದೆ. ಉಳಿದದ್ದು ಕಡಲ ಗಾಳಿಗೆ ಕನೆಕ್ಟರ್ ಪಿನ್ ಹಸಿರು ಹಿಡಿದದ್ದು. ಒಬ್ಬರಿಗೆ ಬೇರೆ ಕಡೆ ಸೆನ್ಸರ್ ಹೋಗಿದೆ ಅಂತ ಮೂವತ್ತೆಂಟು ಸಾವಿರ ಹೇಳಿದ್ದರು, ಪಿನ್ ಕ್ಲೀನ್ ಮಾಡಿದೆ, 1,500 ತಗೊಂಡೆ. ಆದರೆ ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಡದೆ ಮದ್ದಿಗೆ ಹೋಗುವ ಆ ಹಳದಿ ಕನೆಕ್ಟರಿಗೆ ಕೈ ಹಾಕುವುದೇ ತಪ್ಪು.

ಮಣಿಪಾಲದಿಂದ:

ಮೇಲಿನವರು ಹೇಳಿದ ರೆಸಿಸ್ಟರ್ ನನ್ನ ಕಾರಿನಲ್ಲೇ ಇತ್ತು, ನನಗೇ ಗೊತ್ತಿರಲಿಲ್ಲ. ಬೇರೆ ರಾಜ್ಯದಿಂದ ತಂದ ಕೂಪೆ, ಡ್ಯಾಶ್‌ನಲ್ಲಿ ಒಂದು ಲೈಟೂ ಇಲ್ಲ, ಖುಷಿಯಿಂದ ತಗೊಂಡೆ. ಬಾನೆಟ್ ಒಂದು ಮೂಲೆ ಎರಡು ಮಿಲಿಮೀಟರ್ ಮೇಲಿತ್ತು, ಪಕ್ಕದ ಫೆಂಡರಿಗೂ ಅದಕ್ಕೂ ನಡುವಿನ ಗ್ಯಾಪ್ ಎರಡು ಕಡೆ ಬೇರೆ ಬೇರೆ. ವರ್ಷ ಕಳೆದು ಗೊತ್ತಾಯಿತು. ಈಗ ಹಳೆಯದು ಕೊಳ್ಳುವ ಯಾರಿಗಾದರೂ ನಾನು ಹೇಳುವುದು ಇಷ್ಟೇ, ಕೌಲ್ (ಎದುರಿನ ಗಾಜಿನ ಬುಡ) ಹತ್ತಿರದ ಪ್ಲಾಸ್ಟಿಕ್ ಕವರ್ ಎತ್ತಿಸಿ ಆ ಎರಡು ಆಕ್ಚುಯೇಟರ್ ಕಣ್ಣಾರೆ ನೋಡಿ, ಪ್ಲಗ್ ನೇರ ಅದಕ್ಕೇ ಹೋಗಿದೆಯಾ, ನಡುವೆ ಕಪ್ಪು ಟೇಪ್ ಸುತ್ತಿದ್ದು ಏನಾದರೂ ಉಂಟಾ ಅಂತ. ನನಗೆ ಸರಿ ಮಾಡಿಸಲು ಪೂರ್ತಿ ಕೈಯಿಂದಲೇ ಹೋಯಿತು, ಹಳೆಯ ಪೆಟ್ಟಿಗೆ ಇನ್ಶೂರೆನ್ಸ್ ಎಲ್ಲಿಂದ ಬರುತ್ತದೆ.

ಕೇಳಿದವರು, ಉಡುಪಿ:

ಎಲ್ಲರಿಗೂ ಥ್ಯಾಂಕ್ಸ್. ರೆಸಿಸ್ಟರ್ ಬಿಟ್ಟೆ. ಇವತ್ತು ಹೋಗಿ ಸ್ಕ್ಯಾನ್ ಪ್ರಿಂಟ್ ಕೇಳಿದೆ, ಮ್ಯಾನೇಜರ್ ಮುಖ ಸ್ವಲ್ಪ ಬದಲಾಯಿತು, ಮಾಡ್ಯೂಲ್ ವಿಷಯ ವಿಚಾರಿಸಿ ಹೇಳುತ್ತೇವೆ ಅಂದರು. ಬಂಪರ್ ಬರೀ ಪೇಂಟ್ ಅಂತ ಒಪ್ಪಿದರು. ಬಾನೆಟ್ ಒಳಗೆ ಕೈಯಾಡಿಸಿ ನೋಡಿದೆ, ಬಲಗಡೆ ಏನಿಲ್ಲ, ಎಡಗಡೆ ಹಿಂಜ್ ಹತ್ತಿರ ಉಗುರಿಗೆ ಸಿಗುವ ಮಡಿಕೆ ಉಂಟು. ನಾಯಿ ಕೂದಲು ಎರಡು ಇನ್ನೂ ನಂಬರ್ ಪ್ಲೇಟಿನ ಸ್ಕ್ರೂವಿನಲ್ಲಿ ಸಿಕ್ಕಿಕೊಂಡಿದೆ, ಫೋಟೋ ತೆಗೆದೆ, ಕಾರು ತೊಳೆಯಬೇಡಿ ಅಂತ ಅಲ್ಲಿನ ಹುಡುಗನಿಗೆ ಎರಡು ಸಲ ಹೇಳಿ ಬಂದೆ. ಸರ್ವೇಯರ್ ನಾಳೆ ಹನ್ನೊಂದಕ್ಕೆ ಬರುತ್ತಾರೆ.