ಸಹಾಯ ಬೇಕು: ಬೈನಾಕ್ಯುಲರ್ ಒಳಗೆ ಮಂಜು

ರಾಣಿಪುರಂ ಗುಡ್ಡ, ಫೆಬ್ರವರಿ ಕೊನೆ, ಬೆಳಗ್ಗೆ ಆರೂವರೆಯ ಚಳಿ. ಹಕ್ಕಿ ನೋಡಲು ಹೋದ ನಾಲ್ಕು ಜನರದ್ದರಲ್ಲಿ ಒಂದು 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನ) ಬೈನಾಕ್ಯುಲರಿಗೆ ಮಾತ್ರ ಬಲಗಡೆ ಮಂಜು ಕಟ್ಟುತ್ತದೆ. ಹೊರಗಿನದ್ದಲ್ಲ, ಒರೆಸಿದರೆ ಹೋಗುವುದಿಲ್ಲ. ಬಿಸಿಲೇರಿದ ಮೇಲೆ ತನ್ನಷ್ಟಕ್ಕೆ ಬಿಡ್ತದೆ, ಅಷ್ಟರಲ್ಲಿ ಹಕ್ಕಿಗಳ ಗಡಿಬಿಡಿಯೇ ಮುಗಿದಿರ್ತದೆ.

50 ಗ್ರಾಂ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಹತ್ತು ದಿನ ಇಟ್ಟಾಯ್ತು. ಎರಡು ವಾರ ಸರಿ ಇತ್ತು, ಪುನಃ ಅದೇ ಕತೆ. ರಬ್ಬರ್ ರಿಂಗ್ ಸಡಿಲಾಗಿ, ಮಂಜು ಕಟ್ಟದ ಹಾಗೆ ಒಳಗೆ ತುಂಬಿಸಿದ್ದ ಒಣ ನೈಟ್ರೋಜನ್ ಹೋಗಿ ತೇವದ ಗಾಳಿ ಸೇರ್ತಾ ಉಂಟು ಅಂತ ಲೆಕ್ಕ. (ಅಕ್ಕಿ ಡಬ್ಬಿಯ ಸಲಹೆ ಬೇಡ, ಹುಡಿ ಹಿಡಿಯುತ್ತದೆ.) ಟಾರ್ಚ್ ಬಿಟ್ಟು ನೋಡಿದರೆ ಬೂಷ್ಟಿನ ಎಳೆ ಇನ್ನೂ ಕಾಣುವುದಿಲ್ಲ. ಮಳೆಗಾಲ ಬಂದರೆ ಅದೂ ಆದೀತು.

ಐಪೀಸ್ (ಕಣ್ಣಿಡುವ ಕಡೆಯ ಗಾಜು) ಬಿಚ್ಚಿ ರಿಂಗ್ ಮಾತ್ರ ಬದಲಿಸಿದರೆ ಎರಡೂ ಕಡೆಯ ಹೊಂದಾಣಿಕೆ ತಪ್ಪಿ ಚಿತ್ರ ಎರಡೆರಡು ಕಾಣ್ತದಾ? ಕಾಸರಗೋಡು, ಮಂಗಳೂರು ಕಡೆ ನೈಟ್ರೋಜನ್ ತುಂಬಿಸಿ ಸೀಲ್ ಮಾಡಿಕೊಡುವವರು ಯಾರಾದರೂ ಇದ್ದಾರಾ?